ಬಿರುಕು ಮೇಷ್ಟ್ರು

ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಮಾರಾಟಕ್ಕಿರುವ ಯಾವುದಾದರೂ ಹಳೇ ಮನೆಗೆ ಹೋಗಿ, ಗೋಡೆ ಬಿರುಕು ಬಿಟ್ಟಿರುವ ಕಡೆ ಕಣ್ಣು ಹಾಯಿಸಿ. ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಎಳೆದ ಒಂದು ಸಣ್ಣ ಗೀಟು, ಪಕ್ಕದಲ್ಲೊಂದು ತಾರೀಖು ಕಾಣುತ್ತದೆ. ಅಂಕಿಗಳು ಗುಂಡಗಿದ್ದರೆ ಅದು ನಮ್ಮ ಬಿರುಕು ಮೇಷ್ಟ್ರ ಕೈಬರಹ. ಮುಂದಿನ ತಿಂಗಳು ಬಂದಾಗ ಬಿರುಕು ಗೀಟು ದಾಟಿದ್ದರೆ ಅಡಿಪಾಯ ಕೂರುತ್ತಿದೆ ಎಂದರ್ಥ, ದಾಟದಿದ್ದರೆ ಹಳೇ ಗಾಯ. ಇಂಜಿನಿಯರುಗಳೂ ಒಪ್ಪುವ ಪರೀಕ್ಷೆ ಇದು. ಒಂದೇ ವ್ಯತ್ಯಾಸ, ಇಂಜಿನಿಯರ್ ಮನೆಯ ಯಜಮಾನನ ಅಪ್ಪಣೆ ಕೇಳಿ ಗೀಟು ಹಾಕುತ್ತಾನೆ.

ಮೇಷ್ಟ್ರು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಅವರ ನಿಜವಾದ ಹೆಸರು ಊರಿಗೆ ಮರೆತುಹೋಗಿದೆ, ಪಿಂಚಣಿ ಕೊಡುವವರಿಗೆ ಮಾತ್ರ ನೆನಪಿದೆ. ನಿವೃತ್ತಿಯ ದುಡ್ಡು ಬ್ಯಾಂಕಿನಲ್ಲಿದೆ, ಸಂಸಾರ ಬಾಡಿಗೆ ಮನೆಯಲ್ಲಿದೆ. ಎರಡನ್ನೂ ಒಂದುಗೂಡಿಸಬೇಕೆಂದು ಅವರು ಮನೆ ನೋಡುತ್ತಲೇ ಇದ್ದಾರೆ. ಇಂಥವರು ಮಾಲೂರಿನಲ್ಲೂ ಇದ್ದಾರೆ, ಮುಳಬಾಗಿಲಿನಲ್ಲೂ ಇದ್ದಾರೆ, ನಿಮ್ಮ ಮನೆಯಲ್ಲೇ ಒಬ್ಬರಿದ್ದರೂ ಆಶ್ಚರ್ಯವಿಲ್ಲ. ಹೇಳಿದ ರೇಟಿಗೆ ಒಪ್ಪುವುದು ಅವರ ಪ್ರಕಾರ ಮರ್ಯಾದಸ್ಥರ ಲಕ್ಷಣವಲ್ಲ.

"ಹೇಳಿದಷ್ಟು ಕೊಟ್ಟುಬಿಟ್ರೆ ಮಾರೋನಿಗೇ ರಾತ್ರಿ ನಿದ್ದೆ ಬರಲ್ಲ ಕಣಪ್ಪ. ಇನ್ನೂ ಎರಡು ಜಾಸ್ತಿ ಹೇಳ್ಬೇಕಿತ್ತು ಅಂತ ಒದ್ದಾಡ್ತಾನೆ. ಅವನ ನೆಮ್ಮದಿಗಾದ್ರೂ ನಾವು ಕಮ್ಮಿ ಕೇಳ್ಬೇಕು."

ಬೇರೆ ಊರಿನಲ್ಲಾಗಿದ್ದರೆ ಈ ತತ್ವಜ್ಞಾನಕ್ಕೆ ಒಂದು ಮನೆಯಾದರೂ ಬೀಳುತ್ತಿತ್ತೇನೋ. ಆದರೆ ಇದು ನರಸಾಪುರ. ಹೆದ್ದಾರಿ ಪಕ್ಕದ ಜಮೀನು ಕೈಗಾರಿಕಾ ಪ್ರದೇಶವಾಗಿ, 2013ರಲ್ಲಿ ಹೋಂಡಾದವರು ಸ್ಕೂಟರ್ ಮಾಡಲು ಶುರು ಮಾಡಿದರು. ಆಮೇಲೆ ಐಫೋನ್ ಜೋಡಿಸುವ ವಿಸ್ಟ್ರಾನ್ ಬಂತು, 2020ರ ಡಿಸೆಂಬರಿನಲ್ಲಿ ಗಲಾಟೆಯಾಗಿ ದೇಶವೆಲ್ಲ ನಮ್ಮೂರಿನ ಹೆಸರು ಕೇಳಿತು, 2023ರಲ್ಲಿ ಟಾಟಾದವರು ಆ ಫ್ಯಾಕ್ಟರಿಯನ್ನು ಕೊಂಡರು. ಇಷ್ಟರಲ್ಲಿ ರಾಗಿ ಬಡಿಯುತ್ತಿದ್ದ ಕಣಗಳೆಲ್ಲ ಪಿಜಿಗಳಾದವು. ಕುರಿ ಕಟ್ಟುತ್ತಿದ್ದ ಕೊಟ್ಟಿಗೆಗೆ ಸಿಮೆಂಟ್ ಶೀಟು ಹೊದಿಸಿ "ಲೇಡೀಸ್ ಓನ್ಲಿ" ಎಂದು ಬೋರ್ಡು ಹಾಕಿದರು. ಮೇಷ್ಟ್ರು ಒಂದು ಮನೆಯ ದೋಷಗಳನ್ನು ಕಳೆದು ಮುಗಿಸುವಷ್ಟರಲ್ಲಿ ಅದರ ಬೆಲೆಗೆ ಇನ್ನೆರಡು ಲಕ್ಷ ಕೂಡಿರುತ್ತದೆ. ಗಣಿತದ ಮೇಷ್ಟ್ರಿಗೆ ಕೂಡುವುದು ಕಳೆಯುವುದು ಇಷ್ಟು ಕಷ್ಟವಾದದ್ದು ಇದೇ ಮೊದಲು.

ಅವರ ಜೊತೆ ಮನೆ ನೋಡಲು ಹೋಗುವುದು ಒಂದು ಅನುಭವ. ಹೊಸಿಲು ದಾಟಿದವರೇ ಜೇಬಿನಿಂದ ಗೋಲಿ ತೆಗೆದು ನೆಲದ ಮೇಲೆ ಬಿಡುತ್ತಾರೆ. ಅದು ಯಾವ ಕಡೆ ಉರುಳಿತೋ ಆ ಕಡೆಯ ಗೋಡೆಗೆ ಗ್ರಹಚಾರ. ಆಮೇಲೆ ನಾಣ್ಯದಿಂದ ಗಾರೆ ತಟ್ಟುತ್ತಾರೆ. ಟೊಳ್ಳು ಸದ್ದು ಬಂದರೆ ಮುಖ ಅರಳುತ್ತದೆ. ಗೋಡೆಯ ಬುಡದಲ್ಲಿ ಬಿಳಿ ಪುಡಿ ಕಂಡರೆ ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಇಡುವುದನ್ನೂ ನಾನು ಕಣ್ಣಾರೆ ನೋಡಿದ್ದೇನೆ. "ಉಪ್ಪು. ತೇವ ಏರ್ತಾ ಐತೆ." ಮಾರುವವರೂ ಈಗೀಗ ಬುದ್ಧಿವಂತರಾಗಿದ್ದಾರೆ, ಬಿರುಕಿನ ಮೇಲೆ ತಿರುಪತಿ ತಿಮ್ಮಪ್ಪನ ಕ್ಯಾಲೆಂಡರ್ ತೂಗುಹಾಕುತ್ತಾರೆ. ಮೇಷ್ಟ್ರು ಚಪ್ಪಲಿ ಬಿಟ್ಟು, ಕೈ ಮುಗಿದು, "ಗೋವಿಂದ" ಎಂದು ದೇವರನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಾರೆ.

ಬಿರುಕುಗಳ ವಿಷಯದಲ್ಲಿ ಅವರದು ಅರೆಬರೆ ಪಾಂಡಿತ್ಯವಲ್ಲ. ಗಾರೆಯ ಮೇಲಿನ ಕೂದಲೆಳೆ ಬಿರುಕು ಸರಿಯಾಗಿ ನೀರುಣಿಸದೆ ಬಂದದ್ದು, ಬಣ್ಣ ಬಳಿದರೆ ಹೋಗುತ್ತದೆ. ಆರ್‌ಸಿಸಿ ಛಾವಣಿಯ ಕೆಳಗೆ ಅಡ್ಡಡ್ಡ ಹೋಗಿದ್ದರೆ ಬಿಸಿಲಿಗೆ ಛಾವಣಿ ಹಿಗ್ಗಿ ಕುಗ್ಗಿದ್ದು, ಹೆದರುವ ಹಾಗಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದು, ಇಟ್ಟಿಗೆ ಸಾಲಿನ ಜೊತೆ ಮೆಟ್ಟಿಲು ಮೆಟ್ಟಿಲಾಗಿ ನಡೆದಿದ್ದರೆ ಮಾತ್ರ ಎದ್ದು ಬರಬೇಕು, ಇಲ್ಲವೇ ಧೈರ್ಯವಾಗಿ ಕಮ್ಮಿ ಕೇಳಬೇಕು. ಮೇಷ್ಟ್ರು ಎದ್ದು ಬಂದ ಉದಾಹರಣೆ ಇಲ್ಲ.

ಒಮ್ಮೆ ಮಾತ್ರ ಅವರು ಸಪ್ಪೆ ಮುಖ ಹಾಕಿಕೊಂಡು ಬಂದದ್ದುಂಟು. ಅವತ್ತು ನೋಡಿದ ಮನೆಯಲ್ಲಿ ಒಂದೂ ದೋಷವಿರಲಿಲ್ಲ. "ಏನ್ ಕೇಳೋದು ಅದನ್ನ? ಹಿಡ್ಕೊಳ್ಳೋಕೇ ಜಾಗ ಇಲ್ಲ" ಎಂದರು.

ಅವರ ಮನೆಯವರಿಗೆ ಈ ಸ್ವಭಾವದ ಗುಟ್ಟು ಗೊತ್ತು. "ನನ್ನ ನೋಡೋಕೆ ಬಂದಾಗ ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅಂದ್ರು, ಕೇಸರಿಬಾತಿಗೆ ತುಪ್ಪ ಕಮ್ಮಿ ಅಂದ್ರು. ನಮ್ಮಪ್ಪ ಸಂಬಂಧ ಮುರೀತು ಅಂದ್ಕೊಂಡ್ರು. ಮಾರನೇ ದಿನ ಒಪ್ಪಿಗೆ ಅಂತ ಕಾಗದ ಬಂತು" ಎಂದು ಅವರು ಕಾಫಿ ಕೊಡುತ್ತಾ ಹೇಳುವುದುಂಟು. ಮೇಷ್ಟ್ರು ಅದೇ ಕಾಫಿ ಕುಡಿದು "ಡಿಕಾಕ್ಷನ್ ತೆಳು" ಎನ್ನುತ್ತಾರೆ.

ಇದು ವಂಶದಿಂದ ಬಂದದ್ದೂ ಇರಬಹುದು. ಮೇಷ್ಟ್ರ ತಂದೆ ಶಿವರಾತ್ರಿ ಹೊತ್ತಿಗೆ ಆವಣಿ ದನಗಳ ಜಾತ್ರೆಗೆ ತಪ್ಪದೆ ಹೋಗುತ್ತಿದ್ದವರು. ಅಲ್ಲಿ ಎತ್ತಿನ ಹಲ್ಲು ಹಿಡಿದು ನೋಡಿ, ಮೈಮೇಲಿನ ಸುಳಿ ಹುಡುಕಿ, "ಸುಳಿ ಸರಿಯಿಲ್ಲ" ಎಂದು ಮುಖ ಸಿಂಡರಿಸಿ, ಟವೆಲ್ಲಿನಡಿ ಕೈ ಹಾಕಿ ಬೆರಳು ಹಿಡಿದು ರೇಟು ಇಳಿಸುವುದೇ ಒಂದು ವಿದ್ಯೆ. ಸುಳಿ ಸರಿಯಿಲ್ಲದ ಎತ್ತೂ ಉಳುವಾಗ ಸರಿಯಾಗೇ ಉಳುತ್ತದೆ, ಅದು ಕೊಳ್ಳುವವ ಮಾರುವವ ಇಬ್ಬರಿಗೂ ಗೊತ್ತು. ಮೇಷ್ಟ್ರಿಗೆ ಸಿಕ್ಕಿರುವುದು ಅದೇ ವಿದ್ಯೆ, ಟವೆಲ್ಲು ಮಾತ್ರ ಇಲ್ಲ.

ಈ ವರ್ಷ ಅವರ ಕಣ್ಣು ಬಿದ್ದದ್ದು ಕೆರೆ ಕಡೆಯ ಒಂದು ಮನೆಯ ಮೇಲೆ. ಮೂವತ್ತು ನಲವತ್ತರ ಸೈಟು, ಕೆಳಗೆ ಮನೆ, ಮೇಲೆ ಎರಡು ರೂಮು, ರೂಮಿನಲ್ಲಿ ಕಂಪನಿ ಹುಡುಗಿಯರು. ಹೇಳಿದ್ದು 62 ಲಕ್ಷ. ಬ್ರೋಕರು ಕನ್ನಡದಲ್ಲಿ ಹೇಳಿದ. ನಮ್ಮ ಕಡೆ ಕನ್ನಡದಲ್ಲಿ ಹೇಳಿದ್ದು ಬಾಯಿಮಾತಿನ ರೇಟು, ಮಾರುವವನೂ ಬ್ರೋಕರೂ ಮೂಲೆಗೆ ಹೋಗಿ ತೆಲುಗಿನಲ್ಲಿ ಮಾತಾಡಿಕೊಳ್ಳುವುದು ನಿಜವಾದ ರೇಟು. ಮೇಷ್ಟ್ರಿಗೆ ತೆಲುಗು ಚೆನ್ನಾಗಿ ಬರುತ್ತದೆ, ಬರುವುದಿಲ್ಲವೆಂದು ನಟಿಸುತ್ತಾರೆ. ಆ ಇಬ್ಬರಿಗೂ ಅದು ಗೊತ್ತಿರುವುದರಿಂದ ಮೂಲೆಯಲ್ಲೂ ಸುಳ್ಳೇ ಹೇಳುತ್ತಾರೆ.

ಓನರು ಮೊದಲು ಹೊಗಳಿದ್ದು ನೀರನ್ನು. 2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಟ್ಟರಲ್ಲ, ಅಂದಿನಿಂದ ನರಸಾಪುರದ ಕೆರೆಯಲ್ಲಿ ನೀರಿದೆ. "ಸಾವಿರ ಅಡಿ ಕೊರೆದ್ರೂ ಧೂಳು ಬರ್ತಿದ್ದ ಊರು ಸಾರ್ ಇದು. ಈಗ ನೋಡಿ, ನಮ್ಮ ಬೋರು ಯಾವತ್ತೂ ನಿಂತಿಲ್ಲ."

"ಗೋಡೆಗೂ ಬಂದೈತೆ ನೀರು" ಎಂದರು ಮೇಷ್ಟ್ರು ಬುಡ ತಟ್ಟುತ್ತಾ.

ಓನರು ಸೋಲಲಿಲ್ಲ. "ಕೋಲಾರ ಜಿಲ್ಲೇಲಿ ಗೋಡೇಲಿ ನೀರು ಬರೋ ಮನೆ ಎಷ್ಟು ತೋರಿಸ್ತೀರ ಸಾರ್? ಅದಕ್ಕೆ ನಾನು ಜಾಸ್ತಿ ಕೇಳ್ಬೇಕು."

ಮೇಷ್ಟ್ರು ಅಲ್ಲಿಂದ ಮಹಡಿ ಹತ್ತಿದರು. ಓನರ್ ಸುಳ್ಳು ಹೇಳಬಹುದು, ಬಾಡಿಗೆಯವರಿಗೆ ಸುಳ್ಳು ಹೇಳಿ ಏನಾಗಬೇಕಿದೆ ಎಂಬುದು ಅವರ ವಾದ. ಮನೆ ನೋಡುವವರು ಕಲಿಯಬೇಕಾದ ಪಾಠವೂ ಹೌದು. ರಾಯಚೂರು ಕಡೆಯ ಒಬ್ಬ ಹುಡುಗಿ, ನೈಟ್ ಶಿಫ್ಟ್ ಮುಗಿಸಿ ಬಂದು ಅರೆನಿದ್ದೆಯಲ್ಲಿದ್ದವಳು, ಬಾಗಿಲು ತೆಗೆದು ಹೇಳಿದಳು: "ಮಳಿ ಬಂದ್ರ ಮಂಚ ಸರಸ್ತೀವ್ರಿ ಸರ. ಜೋರ್ ಬಂದ್ರ ಇನ್ನೊಂದ್ ಕಡೆ ಸರಸ್ತೀವಿ." ಮೇಷ್ಟ್ರು ಧನ್ಯವಾದ ಹೇಳಿ ಡೈರಿಯಲ್ಲಿ ಬರೆದುಕೊಂಡರು: ಮಂಚ ಸರಿಸುವುದು, 75,000.

ಆ ಡೈರಿಯ ಪುಟ ನಾನು ನೋಡಿದ್ದೇನೆ. ಬಿರುಕಿಗೆ ಒಂದೂವರೆ ಲಕ್ಷ, ತೇವಕ್ಕೆ ಒಂದು, ಮಂಚಕ್ಕೆ ಮುಕ್ಕಾಲು, ಈಶಾನ್ಯ ಮೂಲೆಯಲ್ಲಿ ಸೆಪ್ಟಿಕ್ ಟ್ಯಾಂಕ್ ಇರುವುದಕ್ಕೆ ಒಂದೂಕಾಲು, ಬೀದಿ ಕುತ್ತಿಗೆ ಒಂದೂವರೆ, ದಕ್ಷಿಣದ ಬಾಗಿಲಿಗೆ ಎರಡು. ವಾಸ್ತು ನಂಬದ ವಿಚಾರವಾದಿ ಮೇಷ್ಟ್ರು ದಿಕ್ಕಿಗೆ ದುಡ್ಡು ಕಳೆಯುವುದು ಸರಿಯೇ ಎಂದು ಕೇಳಿದೆ. "ನನಗೆ ನಂಬಿಕೆ ಇಲ್ಲಪ್ಪ. ಆದ್ರೆ ನಾಳೆ ನಾನು ಮಾರೋಕೆ ಹೋದಾಗ ಕೊಳ್ಳೋನಿಗೆ ಇರ್ತದಲ್ಲ, ಅವನ ನಂಬಿಕೆಗೆ ಇವತ್ತೇ ದುಡ್ಡು ಹಿಡೀಬೇಕು." ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಕೊನೆಯ ಸಾಲಿನಲ್ಲಿ "ಅಕ್ಕ" ಎಂದಿತ್ತು, ಎದುರಿಗೆ ಮೂರು ಲಕ್ಷ. ಓನರಿಗೆ ಶ್ರೀನಿವಾಸಪುರಕ್ಕೆ ಕೊಟ್ಟ ಒಬ್ಬ ಅಕ್ಕ ಇದ್ದಾರೆ, ಕಾಗದದಲ್ಲಿ ಅವರ ಸಹಿ ಇಲ್ಲ. ಮನೆ ಅಪ್ಪನ ಸಂಪಾದನೆ, ವಿಲ್ ಬರೆದಿಲ್ಲ. ಅಂಥ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲುಂಟು ಎಂಬುದು 1956ರಿಂದಲೇ ಕಾನೂನು. ಪಿತ್ರಾರ್ಜಿತದಲ್ಲೂ ಹುಟ್ಟಿನಿಂದಲೇ ಸಮಪಾಲು ಎಂದು 2005ರಲ್ಲಿ ತಿದ್ದುಪಡಿಯಾಯಿತು, ಅಪ್ಪ ಅದಕ್ಕೂ ಮುಂಚೆ ತೀರಿಕೊಂಡಿದ್ದರೂ ಸರಿ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮೂರಿನ ಗಂಡಸರು ಮಾತ್ರ ಇದನ್ನು ನೋಂದಣಿಯ ಹಿಂದಿನ ದಿನ ಮೊದಲ ಸಲ ಕೇಳಿದವರಂತೆ ಬೆಚ್ಚಿಬೀಳುತ್ತಾರೆ. ಗೋಡೆಯ ಬಿರುಕಿಗಿಂತ ವಂಶವೃಕ್ಷದ ಬಿರುಕು ದುಬಾರಿ. ಮೇಷ್ಟ್ರು ಅದಕ್ಕೆ ಮೂರೇ ಲಕ್ಷ ಹಿಡಿದದ್ದು ನನ್ನ ಪ್ರಕಾರ ತೀರಾ ಕಮ್ಮಿ.

ಒಟ್ಟು ಹನ್ನೊಂದು ಹೋಗಿ 51 ಉಳಿಯಿತು. ಕೇಳುವುದೋ ಬೇಡವೋ? ಇಲ್ಲಿ ಮೇಷ್ಟ್ರ ನಿದ್ದೆ ಕೆಟ್ಟಿತು. ಪಂಚಾಯ್ತಿಯ ಇ-ಸ್ವತ್ತಿನಲ್ಲಿ 9 ಮತ್ತು 11ಎ ನಮೂನೆ ಇದ್ದುದರಿಂದ ಬ್ಯಾಂಕಿನವರು ಯಾರಿಗಾದರೂ ಸಾಲ ಕೊಡುತ್ತಾರೆ, ಅಂದರೆ ಪೈಪೋಟಿ ಇದೆ. 11ಬಿ ಆಗಿದ್ದರೆ ಸಾಲ ಸಿಗುವುದು ಕಷ್ಟ, ಕೊಳ್ಳುವವರು ಕಮ್ಮಿ, ಇನ್ನೂ ಇಳಿಸಬಹುದಿತ್ತು ಎಂದು ಅವರು ಹಲುಬಿದರು. ಕಾಗದ ಸರಿಯಿದೆಯಲ್ಲ ಎಂದು ದುಃಖಪಟ್ಟ ಮೊದಲ ಗಿರಾಕಿ ಅವರೇ ಇರಬೇಕು. ತೀರಾ ಕಮ್ಮಿಗೆ ಸಿಕ್ಕರೂ ಕಷ್ಟ. ಮುದ್ರಾಂಕ ಶುಲ್ಕ ಲೆಕ್ಕ ಹಾಕುವುದು ಕೊಟ್ಟ ಬೆಲೆ, ಮಾರ್ಗಸೂಚಿ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇಕಡ ಒಂದರಿಂದ ಎರಡಕ್ಕೆ ಏರಿದೆ. ಸಾಲದ್ದಕ್ಕೆ, ಮಾರ್ಗಸೂಚಿ ಬೆಲೆ ಕೊಟ್ಟ ಬೆಲೆಗಿಂತ ಹತ್ತು ಪರ್ಸೆಂಟು ಮೀರಿ ಹೆಚ್ಚಿದ್ದರೆ ಆ ವ್ಯತ್ಯಾಸವನ್ನು ಕೊಂಡವನ ಆದಾಯವೆಂದು ತೆರಿಗೆ ಹಾಕುವ ನಿಯಮವೊಂದಿದೆ. ಆಡಿಟರ್ ಇದನ್ನು ಹೇಳಿದಾಗ ಮೇಷ್ಟ್ರು ಗರಬಡಿದವರಂತೆ ಕೂತರು. "ಚೌಕಾಸಿಗೂ ಟ್ಯಾಕ್ಸಾ?"

ಬ್ರೋಕರು ಅಷ್ಟರಲ್ಲಿ ತನ್ನ ಅಸ್ತ್ರ ತೆಗೆದಿದ್ದ. "ಸಾರ್, ಹೊಸಕೋಟೆ ಪಾರ್ಟಿ ನಾಳೆ ಹತ್ತು ಗಂಟೆಗೆ ಟೋಕನ್ ತರ್ತಾರೆ." ಆ ಹೊಸಕೋಟೆ ಪಾರ್ಟಿಯನ್ನು ಇದುವರೆಗೆ ಕಣ್ಣಿನಲ್ಲಿ ಕಂಡವರಿಲ್ಲ. ಪ್ರತಿ ಮನೆಗೂ ಅವರು ನಾಳೆ ಹತ್ತು ಗಂಟೆಗೆ ಬರುತ್ತಾರೆ.

ಹತ್ತು ಗಂಟೆಗೆ ಬಂದದ್ದು ಅಕ್ಕ. ಶ್ರೀನಿವಾಸಪುರದ ಬಸ್ಸಿಳಿದು, ಬ್ಯಾಗಿನ ತುಂಬ ರಸಪುರಿ ತುಂಬಿಕೊಂಡು ಬಂದರು. ಇವರ ಯಜಮಾನರದು ಮಾವಿನ ತೋಟದ ಗುತ್ತಿಗೆ. ಮರ ಹೂ ಬಿಟ್ಟಾಗಲೇ ಎಷ್ಟು ಕಾಯಿ ಕಟ್ಟುತ್ತದೆ, ಎಷ್ಟು ಉದುರುತ್ತದೆ ಎಂದು ನೋಡಿ ಇಡೀ ತೋಟಕ್ಕೆ ರೇಟು ಕಟ್ಟುವ ವ್ಯಾಪಾರ. ಆ ರೇಟು ಕಟ್ಟುವವರು ಯಜಮಾನರಲ್ಲ, ಅಕ್ಕನೇ ಎಂಬುದು ಎರಡು ಮಾತಿನಲ್ಲಿ ಗೊತ್ತಾಯಿತು.

"ಬಿರುಕಿಗೆ ಎಷ್ಟು ಹಿಡಿದಿದ್ದೀರ ಮೇಷ್ಟ್ರೆ?"

"ಒಂದೂವರೆ ಅಮ್ಮ."

ಅಕ್ಕ ಬಿರುಕಿನ ಮೇಲಿದ್ದ ಕ್ಯಾಲೆಂಡರ್ ಎತ್ತಿ ನೋಡಿದರು. "ಇದೇನಿದು, ಸಂಕ್ರಾಂತಿ ಟೈಮಿನ ತಾರೀಕು? ನಿಮ್ಮದೇನಾ? ಬಿರುಕು ನೀವು ಗೀಟೆಳೆದ ಜಾಗದಲ್ಲೇ ನಿಂತೈತಲ್ಲ. ಬೆಳೀದೆ ಇರೋ ಬಿರುಕಿಗೆ ಒಂದೂವರೆನಾ?"

ಮೇಷ್ಟ್ರು ಕೆಮ್ಮಿದರು.

"ಹೋಗ್ಲಿ ಬಿಡಿ. ಒಂದು ಕೆಲ್ಸ ಮಾಡೋಣ. ಬಿರುಕು ಮುಚ್ಚಿಸ್ತೀನಿ, ಮೇಲ್ಗಡೆ ವಾಟರ್‌ಪ್ರೂಫ್ ಮಾಡಿಸ್ತೀನಿ, ಪೂರ್ವಕ್ಕೆ ನಮ್ಮದೇ ಓಣಿ ಐತೆ, ಬಾಗಿಲು ಆ ಕಡೆಗೆ ಒಡಿಸ್ತೀನಿ. ಸೆಪ್ಟಿಕ್ ಟ್ಯಾಂಕ್ ಬೇರೆ ಕಡೆ ತೋಡಿಸ್ತೀನಿ. ನಾನೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಸಹಿ ಹಾಕ್ತೀನಿ. ಎಲ್ಲಾ ಸರಿ ಮಾಡಿ ಕೊಟ್ರೆ ಅರವತ್ತೆರಡು ಕೊಡ್ತೀರಾ?"

ಮೇಷ್ಟ್ರ ಮುಖ ಬಿಳುಚಿತು. ತಾವು ಇಷ್ಟು ದಿನ ಮೈದಡವಿ ಕಾಪಾಡಿಕೊಂಡು ಬಂದ ದೋಷಗಳನ್ನೆಲ್ಲ ಈ ಹೆಂಗಸು ಒಂದೇ ಉಸಿರಿನಲ್ಲಿ ಗುಡಿಸಿಹಾಕುತ್ತಿದ್ದಾರೆ. "ಬ್ಯಾಡ ಬ್ಯಾಡ, ಏನೂ ಮುಟ್ಟಬೇಡಿ. ಇರೋ ಹಂಗೇ ಇರಲಿ, ನಾನು ನೋಡ್ಕೊಂತೀನಿ."

"ಅಂದ್ರೆ ಮನೆ ಒಪ್ಪಿಗೆ ಅಂತಾಯ್ತು" ಎಂದು ಅಕ್ಕ ತಮ್ಮನ ಕಡೆ ತಿರುಗಿ ಕಣ್ಣು ಮಿಟುಕಿಸಿದರು.

ಆಮೇಲೆ ನಡೆದದ್ದು ಎರಡು ಗಂಟೆಯ ಯುದ್ಧ. ಮೇಷ್ಟ್ರು 51ರಿಂದ ಹೊರಟರು, ಅಕ್ಕ 62ರಿಂದ ಇಳಿದರು. ನಡುವೆ ಹಣ್ಣು ಕೊಯ್ದು ಹಂಚಿದರು, ಮೇಷ್ಟ್ರು ತಿಂದು "ಸ್ವಲ್ಪ ಹುಳಿ" ಎಂದರು. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ಐವತ್ತೇಳೂವರೆ, ಅಕ್ಕ ಐವತ್ತೆಂಟು. ಉಳಿದದ್ದು ಐವತ್ತು ಸಾವಿರ. ಓನರು ಎಲೆ ಅಡಿಕೆ ತಟ್ಟೆ ತಂದಿಟ್ಟೇಬಿಟ್ಟ. ಬ್ರೋಕರು ಮನಸ್ಸಿನಲ್ಲೇ ಕಮಿಷನ್ನು ಎಣಿಸಿಕೊಳ್ಳುತ್ತಿದ್ದುದು ಅವನ ತುಟಿ ನೋಡಿದರೆ ಗೊತ್ತಾಗುತ್ತಿತ್ತು.

ಮೇಷ್ಟ್ರು ಒಂದು ಯೋಚನೆ ಮಾಡಿದರು. ನಾಳೆಯಿಂದ ಆಷಾಢ. ಆಷಾಢದಲ್ಲಿ ಯಾವನೂ ಮನೆಗೆ ಅಡ್ವಾನ್ಸ್ ಕೊಡುವುದಿಲ್ಲ, ಹೊಸಕೋಟೆ ಪಾರ್ಟಿಯೂ ಕೊಡುವುದಿಲ್ಲ. ಒಂದು ತಿಂಗಳು ಸುಮ್ಮನಿದ್ದರೆ ಆ ಐವತ್ತು ಸಾವಿರ ತಾನಾಗಿ ಉದುರುತ್ತದೆ. ಎದ್ದು ಚಪ್ಪಲಿ ಮೆಟ್ಟಿ, "ಶ್ರಾವಣದಲ್ಲಿ ನೋಡೋಣಮ್ಮ" ಎಂದರು.

"ಧಾರಾಳವಾಗಿ ಬನ್ನಿ ಮೇಷ್ಟ್ರೆ" ಎಂದರು ಅಕ್ಕ, ಖಾಲಿ ಬ್ಯಾಗು ಮಡಚುತ್ತಾ. "ಶ್ರಾವಣಕ್ಕೆ ಅರವತ್ನಾಲ್ಕು."