ದ್ರಾಕ್ಷಿ ಮತ್ತು ದಾಕ್ಷಿಣ್ಯ

ಮಾರ್ಚ್ ಬಂತೆಂದರೆ ನಮ್ಮಲ್ಲಿ ಎರಡು ಸುಗ್ಗಿ. ತಿಕೋಟಾದ ಮಾವನವರ ಶೆಡ್ಡಿನಲ್ಲಿ ದ್ರಾಕ್ಷಿ ಒಣಗುತ್ತದೆ. ಇತ್ತ ವಿಜಯಪುರದಲ್ಲಿ, ತೆರಿಗೆ ಉಳಿಸುವ ಗಡಿಬಿಡಿಯಲ್ಲಿ, ನನ್ನ ಬುದ್ಧಿ ಒಣಗುತ್ತದೆ.

ಮಾರ್ಕೆಟ್ಟಿನಲ್ಲಿ ಪಾವು ಕಿಲೋ ಬದನೆಕಾಯಿಗೆ ಒಂದೊಂದನ್ನೂ ತಿರುವಿ ತೂತು ಹುಡುಕುವ ಗಿರಾಕಿ ನಾನು. ಅಂಥವನು ವರ್ಷಕ್ಕೆ 50,000 ರೂಪಾಯಿಯಂತೆ ಹತ್ತು ವರ್ಷ ಕಟ್ಟುವ ವಿಮೆಯ ಅರ್ಜಿಗೆ, ಪೆನ್ಸಿಲಿನಿಂದ ಗುರುತು ಹಾಕಿಕೊಟ್ಟ ಕಡೆಯಲ್ಲೆಲ್ಲ, ಚಹಾ ಆರುವುದರೊಳಗೆ ಸಹಿ ಜಡಿದೆ. ತಂದವನು ಬಬಲೇಶ್ವರದ ಹಳೆಯ ಗೆಳೆಯ. ಹೊಳೆಯುವ ಕಾಗದದಲ್ಲಿ ನಗುವ ಗಂಡ, ನಗುವ ಹೆಂಡತಿ, ನಗುವ ನಾಯಿ. ಕೆಳಗೆ ‘ಖಾತ್ರಿ ದುಪ್ಪಟ್ಟು!’ ಗೋಳಗುಮ್ಮಟದೊಳಗೆ ನಿಂತು ಕೂಗಿದಂತೆ ಆ ಮಾತು ತಲೆಯಲ್ಲಿ ಏಳು ಸಲ ಮೊಳಗಿತು. ಒಳಗೆ ಅಷ್ಟು ಖಾಲಿ ಜಾಗವಿದ್ದರೆ ಮೊಳಗದೆ ಏನು ಮಾಡೀತು?

ತವರಿನಿಂದ ಮರಳಿದ ಹೆಂಡತಿ ಕಾಗದ ಹಿಡಿದಳು. ನಾಯಿಯನ್ನು ದಾಟಿ ನೇರ ಸಣ್ಣ ಅಕ್ಷರಕ್ಕೆ ಹೋದಳು.

“ದುಪ್ಪಟ್ಟು ಆಗೂದು ಯಾವಾಗ್ರಿ?”

“ಇಪ್ಪತ್ತು ವರ್ಷಕ್ಕ.”

“ಅಂದ್ರ ಇದು ಹಸಿ ದ್ರಾಕ್ಷಿ ತೂಕ. ಒಣಗಿದ ಮ್ಯಾಲ ಎಷ್ಟ್ರಿ?”

ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಕೈಗೆ ಬರುವ ಮನೆಯಲ್ಲಿ ಬೆಳೆದವಳು. ನಾನು ಉಗುಳು ನುಂಗಿದೆ. 72ನ್ನು ವರ್ಷಗಳಿಂದ ಭಾಗಿಸಿದರೆ ದುಪ್ಪಟ್ಟಾಗಲು ಬೇಕಾದ ಬಡ್ಡಿದರ ಸಿಗುತ್ತದೆಂದು ಎಲ್ಲೋ ಓದಿದ್ದೆ. 20ರಿಂದ ಭಾಗಿಸಿ “3.6” ಎಂದೆ. ಹತ್ತನೇ ಇಯತ್ತೆಯ ಮಗಳಿಗೆ ಗೆಳೆಯನ ಮೇಲೆ ಕನಿಕರ ಬಂತು.

“ಪಪ್ಪಾ, ಎಲ್ಲಾ ರೊಕ್ಕ ಮೊದಲ್ನೇ ದಿನಾನ ಕೊಡೂದಿಲ್ಲಲ್ಲ. ಮೊದಲ್ನೇ ಕಂತು ಇಪ್ಪತ್ತು ವರ್ಷ ಕೂಡ್ತೈತಿ, ಕಡೀದು ಹನ್ನೊಂದ. ಸರಾಸರಿ ಹದಿನೈದೂವರಿ.”

ಅವಳು ಧಾರಾಳವಾಗಿ ಕೂಡಿ ಕಳೆದ ಮೇಲೂ ಬಂದದ್ದು ಸುಮಾರು ನಾಲ್ಕೂವರೆ. ಬೆಲೆಯೇರಿಕೆಗೆ ರಿಸರ್ವ್ ಬ್ಯಾಂಕು ಇಟ್ಟುಕೊಂಡ ಗುರಿಯೇ ಶೇಕಡಾ 4. ಉಳಿದ ಅರ್ಧ ಒಣದ್ರಾಕ್ಷಿಯೂ ಅಲ್ಲ, ಅದರ ತೊಟ್ಟು. ಫ.ಗು. ಹಳಕಟ್ಟಿಯವರು 1912ರಲ್ಲೇ ಸಿದ್ಧೇಶ್ವರ ಬ್ಯಾಂಕು ಹುಟ್ಟುಹಾಕಿದ ಊರಿನಲ್ಲಿದ್ದೂ, ಠೇವಣಿಗೆ ಎಷ್ಟು ಬಡ್ಡಿ ಎಂದು ಒಂದು ಬ್ಯಾಂಕಿನ ಬಾಗಿಲಲ್ಲೂ ಕೇಳದೆ ನಾಯಿಯ ನಗು ನಂಬಿದವನು ನಾನು.

“ಬಿಡ್ರಿ. ನಿಮಗೇನರ ಹೆಚ್ಚು-ಕಡಿಮಿ ಆದ್ರ ಎಷ್ಟ ಬರ್ತೈತಿ?”

ಹೆಂಡತಿ ಇದನ್ನು ಬೇಳೆಯ ರೇಟು ಕೇಳುವ ದನಿಯಲ್ಲೇ ಕೇಳಿದಳು. ಐದು ಲಕ್ಷ. ಉಳಿತಾಯದ ಸೋಗಿಲ್ಲದ ಬರೀ ಟರ್ಮ್ ವಿಮೆಯಾದರೆ, ನನ್ನ ವಯಸ್ಸಿಗೂ, ಇದರ ಅರ್ಧ ಕಂತಿಗೆ ಅದರ ಎಷ್ಟೋ ಪಟ್ಟು ಬರುತ್ತದಂತೆ. ಬದುಕಿದರೂ ಲಾಭವಿಲ್ಲ, ಸತ್ತರೂ ಲಾಭವಿಲ್ಲ. ಇಂಥ ಸಮದರ್ಶಿತ್ವಕ್ಕೆ ನಾನು ಸಹಿ ಹಾಕಿದ್ದೆ.

ಪುಣ್ಯಕ್ಕೆ, ಪಾಲಿಸಿ ಕೈ ಸೇರಿದ 30 ದಿನದೊಳಗೆ ಬೇಡವೆಂದು ಮರಳಿಸಬಹುದು; ಸಣ್ಣಪುಟ್ಟ ಖರ್ಚು ಹಿಡಿದುಕೊಂಡು ಕಂತು ವಾಪಸು ಕೊಡುತ್ತಾರೆ. ಕಾಗದ ಬರೆಯಲು ಹತ್ತು ನಿಮಿಷ ಸಾಕಿತ್ತು. ನಾನು 26 ದಿನ ತೆಗೆದುಕೊಂಡೆ. ಗೆಳೆಯನಿಗೆ ಹೇಗೆ ಹೇಳುವುದು? ಮಾವನವರ ದ್ರಾಕ್ಷಿಗಿಂತ ನನ್ನ ದಾಕ್ಷಿಣ್ಯ ತುಟ್ಟಿ. ಇಪ್ಪತ್ತೇಳನೆಯ ದಿನ ಹೆಂಡತಿಯೇ ಬರೆದಳು. ನನಗೆ ರೂಢಿಯಾದ ಕೆಲಸ ಕೊಟ್ಟಳು, ಪೆನ್ಸಿಲಿನಿಂದ ಗುರುತು ಹಾಕಿದಲ್ಲಿ ಸಹಿ. ಮರಳಿದ ದುಡ್ಡು ಠೇವಣಿಗೆ ಹೋಯಿತು. ಅದನ್ನೂ ಅವಳು ಬ್ಯಾಂಕಿಗೆ ಐದು ಲಕ್ಷ ಮೀರದಂತೆ ಇಡುತ್ತಾಳೆ, ಠೇವಣಿ ವಿಮೆ ಅಷ್ಟಕ್ಕೇ ಎಂದು.

ಸುದ್ದಿ ತಿಳಿದು ಗೆಳೆಯ ಮನವೊಲಿಸಲು ಬಂದ. ನಾನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ನಿಂತೆ. ಹೊರಗೆ ಬಂದಾಗ ಪಾಲಿಸಿಯ ಮಾತು ಮುಗಿದಿತ್ತು; ಚಹಾದ ಜೊತೆ ಕೊಟ್ಟ ಒಣದ್ರಾಕ್ಷಿ ಹಿಡಿಸಿ, ಎರಡು ಕಿಲೋ ಬೇಕೆಂದು ಕೂತಿದ್ದ. ಅಂಗೈಗೆ ಸುರಿದುಕೊಂಡು ಬಣ್ಣ ನೋಡಿದ. ಒಂದನ್ನು ಹಿಚುಕಿದ, ಒಂದನ್ನು ಮೂಸಿದ, ಒಂದನ್ನು ಕಚ್ಚಿ ಎರಡು ಹೋಳು ಮಾಡಿ ಕಿಟಕಿಯ ಬೆಳಕಿಗೆ ಹಿಡಿದ. ಹೆಂಡತಿ ತಕ್ಕಡಿ ತಂದಳು.

“ವೈನಿ,” ಎಂದ ಮುಳ್ಳಿನ ಮೇಲೆ ಕಣ್ಣಿಟ್ಟು, “ಡಬ್ಬಿ ತೂಕ ಬಿಟ್ಟು ಹೇಳ್ರಿ.”