ಬಗ್ಗಿ ನೋಡಿ ಮಾರಾಯ್ರೆ!

ಉಡುಪಿ ಕಡೆಯ ಮೈದಾನವೊಂದರಲ್ಲಿ ಮತ್ತೆ ಹಳೇ ವಾಹನಗಳ ಮೇಳ. ಮಾರಾಟಕ್ಕೆ ನಿಂತ 1996ರ ಡೀಸೆಲ್ ಜೀಪಿನ ಚಾಸಿ ಮಾತಿಗೆ ಸಿಕ್ಕಿತು.

ಹೇಗಿದ್ದೀರಿ?

ಮಿಂಚ್ತಾ ಇದ್ದೇನೆ, ಕಾಣುದಿಲ್ವಾ? ನಿನ್ನೆ ರಾತ್ರಿ ಹೊಡೆದ ಕಪ್ಪು ಬಣ್ಣ, ಇನ್ನೂ ಕೈಗೆ ಅಂಟ್ತದೆ. ಇಷ್ಟು ಹಳೇ ಜೀಪಿನ ಅಡಿ ಹೀಗೆ ಹೊಳೆದರೆ ಸಂಶಯ ಬರ್ಬೇಕಲ್ಲ? ಬೆಳಗ್ಗಿಂದ ಬಂದವರೆಲ್ಲ ಸೀಟ್ ಕವರ್ ಒತ್ತಿದರು, ಹಾರ್ನ್ ಹೊಡೆದರು. ಬಗ್ಗಿದವ ಒಬ್ಬನೇ. ಅವನದ್ದು ಬೀಗದಕೈ ಬಿದ್ದಿತ್ತು.

ರಸ್ತೆ ಹಂಪುಗಳಿಂದ ನಿಮಗೆ ಭಾರೀ ಪೆಟ್ಟಲ್ಲವೇ? ನಮ್ಮ ಮನೆಯೆದುರೇ, ಬಿಳಿ ಗೆರೆಯೂ ಇಲ್ಲದ...

ಹಂಪು ಬಿಡಿ. ನನ್ನನ್ನು ತಿಂದದ್ದು ಮೀನಿನ ಲಾರಿ. ಮಲ್ಪೆಯಿಂದ ಹೊರಟರೆ ಹೆದ್ದಾರಿ 66ರ ಉದ್ದಕ್ಕೂ ಉಪ್ಪುನೀರು ಸುರಿಸಿಕೊಂಡೇ ಹೋಗುದು. ಅದರ ಹಿಂದೆ ನಾನು! ಮೇಲಿಂದ ಮಳೆಗಾಲದ ಕೆಸರು. ನೀರು ಇಳಿಯುವ ತೂತು ಕಟ್ಟಿತೋ, ತುಕ್ಕು ಒಳಗಿಂದಲೇ ಸುರು. ಹೊರಗೆ ಬಣ್ಣ, ಒಳಗೆ ಪುಡಿ.

ಪತ್ತೆ ಹೇಗೆ?

ಸುತ್ತಿಗೆಯಲ್ಲಿ ಮೆಲ್ಲ ಬಡೀರಿ. ಗಟ್ಟಿ ಕಬ್ಬಿಣ ಠಣ್ ಅಂತದೆ, ಲಡ್ಡಾದದ್ದು ದೊಬ್ ಅಂತದೆ. ಸ್ಪ್ರಿಂಗ್ ಪ್ಲೇಟಿನ ಬ್ರಾಕೆಟ್ ಹತ್ತಿರ, ಬಾಡಿ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ. ಅದು ಒಳಗೆ ಹೋಯ್ತಾ, ನೀವು ಮನೆಗೆ ಹೋಗಿ. ಚಾಸಿ ನಂಬರು ಆರ್‌ಸಿಗೆ ತಾಳೆಯಾಗ್ತದಾ ನೋಡಿ. ಮತ್ತೆ ಆ ಮೀನಿನ ಲಾರಿ ಉಂಟಲ್ಲ...

ಹಂಪಿಗೆ ಬಳಿಯಲು ಬಣ್ಣವಿಲ್ಲ, ನಿಮಗೆ ಬಳಿಯಲು ಮಾತ್ರ ಇದೆ! ಏನಂತೀರಿ?

ನಿಮ್ಮ ಹಂಪು ಹಾಳಾಗ್ಲಿ.

ಹೋಗಲಿ, 15 ವರ್ಷ ದಾಟಿದ ಮೇಲೆ 5 ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕಲ್ಲ?

ಆಗಿದೆ. ಹೊಗೆ ನೋಡಿದರು, ಲೈಟು ನೋಡಿದರು, ಸೀಲು ಒತ್ತಿದರು. ನಗಬೇಡಿ. ಪಕ್ಕದ ಆ ವ್ಯಾನ್ ನೋಡಿ. ಅಡಿಯಲ್ಲಿ ತೂತು ಬಿದ್ದಲ್ಲಿ ತಗಡು ಇಟ್ಟು ವೆಲ್ಡಿಂಗ್ ಮಾಡಿ, ಮೇಲಿಂದ ಪುಟ್ಟಿ ಮೆತ್ತಿದ್ದಾರೆ. ಕೇಳಿ ಹೋದವರು ಶಾಲೆ ಮಕ್ಕಳ ಟ್ರಿಪ್ಪಿಗೆ ಅಂದರು. ಭಾರ ತುಂಬಿ ಹೊಂಡಕ್ಕೆ ಇಳಿದ ದಿನ ಬ್ರಾಕೆಟ್ ಕಿತ್ತು ಬಂದರೆ ಚಕ್ರ ಒಂದು ಕಡೆ, ವ್ಯಾನ್ ಒಂದು ಕಡೆ. ಬಣ್ಣ ಹೊಡೆದವನಿಗೆ ಗೊತ್ತುಂಟು, ಮಾರುವವನಿಗೆ ಗೊತ್ತುಂಟು. ಒಳಗೆ ಚೀಲ ಮಡಿಲಲ್ಲಿಟ್ಟು ಕೂರುವ ಮಕ್ಕಳಿಗೆ ಯಾರು ಹೇಳುದು?

ನಾನೇನು ಮಾಡಲಿ?

ಸ್ಕ್ರೂಡ್ರೈವರ್ ಉಂಟಾ? ಹಾಗಾದರೆ ನನ್ನನ್ನು ಬಿಟ್ಟು ಮೊದಲು ಆ ವ್ಯಾನಿನ ಅಡಿಗೆ ಹೋಗಿ. ಬ್ರೋಕರ್ ಚಾ ಕುಡೀಲಿಕ್ಕೆ ಹೋಗಿದ್ದಾನೆ, ಬೇಗ.