ನಿಯಮಾನುಸಾರ

ಸಾಹೇಬರ ಕೈಯಲ್ಲಿ ಹಸಿರು ಶಾಯಿಯ ಪೆನ್ನು. ಮೇಜಿನ ಮೇಲೆ ಮೂಲೆ ಮಡಚಿಹೋದ ಕಡತ. ಎದುರಿಗೆ ನಿಂತ ಗುಮಾಸ್ತ.

‘ಇದು ಇನ್ನೂ ಯಾಕ್ರೀ ಹೋಗಿಲ್ಲ?’

‘ತಾವು “ಚರ್ಚಿಸಿ” ಅಂತ ಬರೆದಿದ್ರಿ ಸಾರ್.’

‘ಚರ್ಚಿಸಬೇಕಿತ್ತಪ್ಪಾ!’

‘ಎರಡು ಸಲ ಬಂದಾಗ ತಾವು ಮೀಟಿಂಗಲ್ಲಿದ್ರಿ. ಮೂರನೇ ಸಲ ಚರ್ಚಿಸಿದ್ವಿ. ಆಮೇಲೆ “ನಿಯಮಾನುಸಾರ ಕ್ರಮ ವಹಿಸಿ” ಅಂತ ಬರೆದ್ರಿ.’

‘ಸ್ಪಷ್ಟವಾಗೇ ಇದೆಯಲ್ಲ.’

‘ಮಂಜೂರು ಮಾಡಬೇಕೋ ಬೇಡವೋ ಸಾರ್?’

‘ನಿಯಮ ನೋಡಿ.’

‘ಮಾಡಬಹುದು ಅಂತಿದೆ.’

‘“ಬಹುದು” ಅಂತಿದೆ. “ಬೇಕು” ಅಂತಿಲ್ಲ.’

‘ಹಾಗಾದ್ರೆ ಬೇಡ ಅಂತ ಬರೀಲಾ?’

‘ಬೇಡ ಅಂತ ನಾನು ಯಾವಾಗ ಹೇಳ್ದೆ?’

(‘ಚರ್ಚಿಸಿ’ ಎಂಬುದು ನಮ್ಮ ಕಚೇರಿಗಳು ಕಂಡುಹಿಡಿದ ಅಪೂರ್ವ ಪದ. ಕೆಳಗೆ ಸಹಿ ಇರುತ್ತದೆ, ಹೊಣೆ ಇರುವುದಿಲ್ಲ.)

ಗುಮಾಸ್ತ ಗಂಟಲು ಸರಿಮಾಡಿಕೊಂಡ. ‘ಸಕಾಲದ ಗಡುವು ಮುಗಿದು 12 ದಿನ ಆಯ್ತು ಸಾರ್. 2011ರ ಕಾಯ್ದೆ ಪ್ರಕಾರ ತಡವಾದ್ರೆ ಅರ್ಜಿದಾರರು ದಿನಕ್ಕೆ 20 ರೂಪಾಯಿ ಕೇಳಬಹುದು. ಗರಿಷ್ಠ 500.’

‘ಕೇಳಲಿ ಬಿಡ್ರಿ. ಸರ್ಕಾರದ ದುಡ್ಡು.’

‘ಇಲ್ಲ ಸಾರ್. ತಡಮಾಡಿದ ಅಧಿಕಾರಿಯಿಂದಲೇ ವಸೂಲಿ.’

ಸಾಹೇಬರು ತಟ್ಟನೆ ನೆಟ್ಟಗೆ ಕೂತರು. ಕಡತ ಎಳೆದುಕೊಂಡು ದುಂಡಗೆ ಬರೆದರು: ‘ವಿಳಂಬಕ್ಕೆ ಸದರಿ ಗುಮಾಸ್ತರೇ ಹೊಣೆ. ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.’

ಯಾರು, ಏನು, ಎಷ್ಟರೊಳಗೆ, ಎಲ್ಲವೂ ಇತ್ತು. ಹದಿನಾಲ್ಕು ವರ್ಷದ ಸೇವೆಯಲ್ಲಿ ಅವನಿಗೆ ಸಿಕ್ಕ ಮೊದಲ ಸ್ಪಷ್ಟ ಆದೇಶ ಅದು.

ಅರ್ಜಿದಾರರು ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ.